ಟಮಾಟಿ ಅಗ್ಗವಾದ ವಾರ

ಮಕ್ಕಳೇ, ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ಕಡೆಯ ಸಂತೆಗಳಲ್ಲಿ ಟಮಾಟಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಬಾಗಲಕೋಟೆಯ ನವನಗರವಿರಲಿ, ಬಾದಾಮಿ, ಹುನಗುಂದ, ಇಳಕಲ್ ಇರಲಿ, ಹೊತ್ತು ಇಳಿದಂತೆ ಮಾರುವವರ ದನಿ ಏರುತ್ತದೆ, ದರ ಇಳಿಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಉಳಿದದ್ದನ್ನು ಅಲ್ಲೇ ಸುರುವಿ ಖಾಲಿ ಕ್ರೇಟ್ ಹೊತ್ತು ಹೋಗುವವರೂ ಇದ್ದಾರೆ. ವಾಪಸು ಒಯ್ದರೆ ಟಂಟಂ ಬಾಡಿಗೆಯೂ ಹುಟ್ಟುವುದಿಲ್ಲ. ಅದೇ ರಾಶಿಯ ಪಕ್ಕ ಬೈಕ್ ನಿಲ್ಲಿಸಿ ನೀವು ಕಿರಾಣಿ ಅಂಗಡಿಗೆ ಹೋಗುತ್ತೀರಿ, ಸಾಸ್ ಬಾಟಲಿ ಕೊಂಡು ಬರುತ್ತೀರಿ. ಇದನ್ನು ನೋಡಿದಾಗ ನನಗೆ ಸಿಟ್ಟು ಬರುವುದಿಲ್ಲ, ಚಿಂತೆಯಾಗುತ್ತದೆ. ಟಮಾಟಿ ಒಂದು ನೆಪ. ಸುಗ್ಗಿಯಲ್ಲಿ ಕೂಡಿಡುವ ರೂಢಿಯೇ ನಿಮ್ಮ ಕೈಯಿಂದ ಜಾರುತ್ತಿದೆಯಲ್ಲ, ಅದು ನನ್ನ ಚಿಂತೆ.

2023ನ್ನು ನೆನಪಿಸಿಕೊಳ್ಳಿ. ಜುಲೈ, ಆಗಸ್ಟ್ ತಿಂಗಳಲ್ಲಿ ಟಮಾಟಿ ಕೆಜಿಗೆ ನೂರು ರೂಪಾಯಿ ದಾಟಿತು. ಕೋಲಾರದ ಮಾರುಕಟ್ಟೆಯ ದರ ಟಿವಿಯಲ್ಲಿ ದಿನಾ ಬರುತ್ತಿತ್ತು. ಹೊಲಕ್ಕೆ ಕಾವಲು ಕೂತವರಿದ್ದರು, ಸಾರಿಗೆ ಹುಣಸೆಹಣ್ಣೇ ಸಾಕು ಎಂದವರಿದ್ದರು. ಸೆಪ್ಟೆಂಬರ್ ಬರುವಷ್ಟರಲ್ಲಿ ಅದೇ ಹಣ್ಣು ಕೆಜಿಗೆ ಹತ್ತು ರೂಪಾಯಿಗೂ ಕೆಳಗೆ ಬಂದು ರಸ್ತೆ ಬದಿಗೆ ಬಿತ್ತು. ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಸಸಿ ನಾಟಿದ ಎರಡು, ಎರಡೂವರೆ ತಿಂಗಳಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ದರ ಏರಿದ್ದನ್ನು ನೋಡಿ ಎಲ್ಲರೂ ಒಟ್ಟಿಗೆ ನಾಟುತ್ತಾರೆ, ಎಲ್ಲರ ಹಣ್ಣೂ ಒಟ್ಟಿಗೆ ಸಂತೆಗೆ ಬರುತ್ತದೆ. ರೈತನಿಗೆ ಹಣ್ಣನ್ನು ತಡೆದು ಇಡಲಾಗುವುದಿಲ್ಲ. ತಡೆದು ಇಡಬಲ್ಲವರು ನಾವು, ಒಲೆ ಇದ್ದವರು. ದರ ಏರಿದಾಗ ಸರ್ಕಾರವನ್ನು ಬೈಯುವ ನಾವು, ಇಳಿದಾಗ ಎರಡು ಕೆಜಿ ಹೆಚ್ಚಿಗೆ ಒಯ್ದು ಫ್ರಿಜ್ಜಿನಲ್ಲಿ ಕೊಳೆಸುತ್ತೇವೆ, ಅಷ್ಟೆ.

ನಮ್ಮ ಹಿರಿಯರದು ಬರದ ಸೀಮೆ. ಆಗ ಇದೆಲ್ಲ ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1972ರ ಬರವನ್ನು ಕಂಡವರು ಇನ್ನೂ ನಿಮ್ಮ ಮನೆಗಳಲ್ಲಿ ಇದ್ದಾರು, ಕೇಳಿ ನೋಡಿ. ಜೋಳ ಬಂದ ವರ್ಷ ಅದನ್ನು ನೆಲದೊಳಗಿನ ಹಗೇವಿನಲ್ಲಿ ಸುರಿದು ಬಾಯಿ ಮುಚ್ಚಿ ಮಣ್ಣು ಮೆತ್ತಿ ಇಡುತ್ತಿದ್ದರು, ಮುಂದಿನ ಮಳೆ ಕೈಕೊಟ್ಟರೂ ಮನೆ ನಡೆಯಲಿ ಎಂದು. ಹುನಗುಂದದ ಎರೆಹೊಲಗಳಲ್ಲಿ ಹರಿದು ಹೋಗುವ ನೀರಿಗೆ ಒಡ್ಡು ಹಾಕಿ ನಿಲ್ಲಿಸಿ, ಆ ಹಸಿಯ ಮೇಲೆ ಹಿಂಗಾರಿ ಜೋಳ ಬೆಳೆದವರು ಅವರು. ಅಡುಗೆಮನೆಯೂ ಅದೇ ಲೆಕ್ಕದಲ್ಲಿ ನಡೆಯುತ್ತಿತ್ತು. ಬೇಸಿಗೆ ಬಂತೆಂದರೆ ಶಾವಿಗೆ, ಸಂಡಿಗೆ, ಹಪ್ಪಳ. ಹಣ್ಣು ಮೆಣಸಿನಕಾಯಿ ಬಂದಾಗ ಒಳ್ಳಿನಲ್ಲಿ ಉಪ್ಪು, ಬಳ್ಳೊಳ್ಳಿ ಹಾಕಿ ಕುಟ್ಟಿದ ರಂಜಕ. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳು. ಪಲ್ಯಕ್ಕೆ ಕಾಯಿಪಲ್ಲೆ ಇಲ್ಲದ ದಿನ ಕೂಡ ರೊಟ್ಟಿಯ ಮಗ್ಗುಲಿಗೆ ಏನಾದರೂ ಇರುತ್ತಿತ್ತು. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತ ನೇಕಾರ ಮಧ್ಯಾಹ್ನ ಎದ್ದು ಬಂದು ಹತ್ತು ನಿಮಿಷದಲ್ಲಿ ಉಂಡು ಮತ್ತೆ ಲಾಳಿ ಹಿಡಿಯುತ್ತಿದ್ದದ್ದು ಆ ಹಿಂಡಿಯ ಬಲದಿಂದಲೇ.

ಆ ಅಡುಗೆಮನೆಯಲ್ಲಿ ಟಮಾಟಿಗೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅದು ದಕ್ಷಿಣ ಅಮೆರಿಕದ ಗಿಡ, ಹಡಗು ಹತ್ತಿ ಬಂದದ್ದು. ನಮ್ಮಲ್ಲಿ ಹುಳಿಯೆಂದರೆ ಹುಣಸೆ, ಪುಂಡಿ, ಮಾವು. ಮಡಿಯ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಈಗಲೂ ಟಮಾಟಿ ಹಾಕುವುದಿಲ್ಲ. ಹಾಗಾಗಿ ‘ನಮ್ಮಮ್ಮ ಕಲಿಸಲಿಲ್ಲ’ ಎಂದು ನೀವು ಹೇಳಿದರೆ ಅದು ನಿಜವೇ ಇರಬಹುದು. ಆದರೆ ಉಪ್ಪು, ಬಿಸಿಲು, ಹುಳಿ, ಎಣ್ಣೆ, ಬೆಂಕಿ ಈ ಐದರಿಂದ ಏನನ್ನು ಬೇಕಾದರೂ ಕಾಪಿಡಬಹುದೆಂದು ಆಕೆಗೆ ಗೊತ್ತಿತ್ತು. ಹೊಸ ಹಣ್ಣಿಗೆ ಹಳೆಯ ವಿದ್ಯೆಯನ್ನು ಹೊಂದಿಸುವುದು ನಿಮ್ಮ ಕೆಲಸ. ಬಾದಾಮಿಯ ಬನಶಂಕರಿ ಶಾಕಂಬರಿ. ಬರ ಬಿದ್ದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಲೋಕಕ್ಕೆ ಉಣಿಸಿದಳು ಎಂಬುದು ಅವಳ ಕಥೆ. ಬನದ ಹುಣ್ಣಿಮೆಯ ತೇರಿಗೆ ಮೊದಲು ಪಲ್ಲೇದ ಹಬ್ಬ ಮಾಡಿ 108 ಬಗೆಯ ಪಲ್ಯ ನೈವೇದ್ಯ ಮಾಡುವ ಊರು ನಮ್ಮದು. ಅಂಥ ಊರಿನವರು ಕಾಯಿಪಲ್ಲೆಯನ್ನು ತಿಪ್ಪೆಗೆ ಸುರಿಯುವುದನ್ನು ನೋಡಿಯೂ ನೋಡದಂತೆ ಹೋಗಬಾರದು.

ಈಗ ನಿಮ್ಮ ಸಾಸಿನ ಮಾತಿಗೆ ಬರುತ್ತೇನೆ. ಸಂಜೆ ಗೋಬಿ ಮಂಚೂರಿ ಗಾಡಿಯ ಮುಂದೆ ನೀವು ನಿಲ್ಲುವುದು ನನಗೆ ಗೊತ್ತು, ನನ್ನ ಮೊಮ್ಮಕ್ಕಳೂ ನಿಲ್ಲುತ್ತಾರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಬಣ್ಣ ಹಾಕಿದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಲ್ಲ ಎಂದು ಆರೋಗ್ಯ ಇಲಾಖೆಯೇ ಹೇಳಿತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದು ರೋಡಮೈನ್-ಬಿ, ಬಟ್ಟೆಗೆ ಹಾಕುವ ಬಣ್ಣ. ನೂಲಿಗೆ ಬಣ್ಣ ಹಾಕುವ ಊರಿನ ಮಕ್ಕಳಿಗೆ ಬಣ್ಣ ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂದು ನಾನು ಬಿಡಿಸಿ ಹೇಳಬೇಕೇ? ಗಾಡಿಯವನ ಕ್ಯಾನಿನಲ್ಲಿ ಇರುವ ಕೆಂಪು ನೀರು ಟಮಾಟಿಯದ್ದೋ, ಪಿಷ್ಟದ್ದೋ, ಕುಂಬಳಕಾಯಿಯದ್ದೋ ನಿಮಗೆ ತಿಳಿಯದು. ತಿಳಿಯದ್ದನ್ನು ನಾಲಿಗೆಗೆ ಹಚ್ಚಿಕೊಳ್ಳುವ ರೂಢಿ ಒಳ್ಳೆಯದಲ್ಲ.

ಕಂಪನಿಯ ಬಾಟಲಿ ಹಾಗಲ್ಲ, ಅದಕ್ಕೆ ಕಾನೂನಿನ ಅಳತೆಯಿದೆ. ಟಮಾಟಿ ಸಾಸ್ ಎಂದು ಮಾರಬೇಕಾದರೆ ಉಪ್ಪು ಬಿಟ್ಟು ಕರಗಿದ ಸಾರ ಕನಿಷ್ಠ ಶೇ 25, ಹುಳಿ ಕನಿಷ್ಠ ಶೇ 1 ಇರಬೇಕು. ಆದರೆ ಆ ಸಾರದಲ್ಲಿ ಸಕ್ಕರೆಯ ಪಾಲೆಷ್ಟು ಎಂದು ಬಾಟಲಿಯ ಬೆನ್ನು ತಿರುವಿ ಓದಿ. ಎರಡು ವರ್ಷದ ಕೂಸಿನ ಚಪಾತಿಗೆ, ದೋಸೆಗೆ, ಕೊನೆಗೆ ಅನ್ನಕ್ಕೂ ಸಾಸ್ ಹಚ್ಚಿ ಕೊಡುವ ತಾಯಂದಿರನ್ನು ನೋಡುತ್ತೇನೆ. ಆ ಕೂಸಿಗೆ ಟಮಾಟಿಯ ರುಚಿ ಎಂದರೆ ಸಿಹಿ ಎಂದೇ ನಾಲಿಗೆ ಕಲಿಯುತ್ತದೆ. ಆಮೇಲೆ ಪುಂಡಿಪಲ್ಯ ಬಾಯಿಗೆ ಇಟ್ಟರೆ ಉಗುಳುತ್ತದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದವರು. ಅವರು ಬೇಡಿದ್ದು ಸೆರೆ, ತಂಬಾಕಿನಂಥ ದೊಡ್ಡ ಚಟಗಳನ್ನು. ಸಾಸ್ ಪ್ಯಾಕೆಟ್ ಆ ಸಾಲಿಗೆ ಸೇರುವುದಿಲ್ಲ, ಒಪ್ಪುತ್ತೇನೆ. ಆದರೂ ಸಣ್ಣ ಚಟಕ್ಕೆ ಜೋಳಿಗೆ ಹಿಡಿಯುವವರು ಯಾರೂ ಇಲ್ಲವಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಹಾಗಾದರೆ ಮಾಡುವುದು ಹೇಗೆ? ಮೊದಲು ಒಂದು ನೇರ ಮಾತು. ಮನೆಯ ಸಾಸ್ ಯಾವಾಗಲೂ ಅಗ್ಗವಲ್ಲ. ಟಮಾಟಿಯಲ್ಲಿ ಶೇ 94ರಷ್ಟು ನೀರೇ. ಹತ್ತು ಕೆಜಿ ಹಣ್ಣಿನಿಂದ ಆರೇಳು ಕೆಜಿ ತಿರುಳು ಬಂದೀತು, ಅದನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಎರಡು, ಎರಡೂಕಾಲು ಕೆಜಿ ಸಾಸ್. ಗ್ಯಾಸು, ಸಕ್ಕರೆ, ಎರಡು ತಾಸು ನಿಮ್ಮ ಹೊತ್ತು, ಇವನ್ನೆಲ್ಲ ಎಣಿಸಿ. ಕೆಜಿಗೆ ನಲವತ್ತು ರೂಪಾಯಿ ಇದ್ದಾಗ ಈ ಉಸಾಬರಿಗೆ ಹೋಗಬೇಡಿ. ಹತ್ತರೊಳಗೆ ಇಳಿದಾಗ ಮಾಡಿ. ಹಳ್ಳಿಯಲ್ಲಿ ಇರುವವರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹತ್ತಿಕಟಗಿ ಉರಿಸಿದರೆ ಗ್ಯಾಸಿನ ಮಾತೇ ಇಲ್ಲ. ನಾಲ್ಕು ಮನೆಯವರು ಕೂಡಿ ಒಂದು ಕ್ರೇಟ್ ತಂದರೆ ಕೈಗಳೂ ಹೆಚ್ಚು, ಹರಟೆಯೂ ಆಯಿತು. ಕೂಡಿ ಮಾಡುವಾಗ ಗಂಡುಮಕ್ಕಳು ಕ್ರೇಟ್ ಇಳಿಸಿ ಹೊರಗೆ ಹೋಗುವ ಪದ್ಧತಿ ಬೇಡ. ತಮ್ಮಾ, ಸೌಟು ಹಿಡಿದು ತಿರುವುವುದು ತೋಳಿನ ಕೆಲಸ, ನಿನಗೇ ಸರಿ.

ಹಣ್ಣು ಆರಿಸುವಾಗ ನೋಡಿ, ಉದ್ದನೆಯ, ಸಿಪ್ಪೆ ದಪ್ಪಗಿನ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಹೆಚ್ಚು. ಗುಂಡಗಿನ ಜವಾರಿ ಹಣ್ಣಿನಲ್ಲಿ ರಸ ಹೆಚ್ಚು, ಹುಳಿ ಹೆಚ್ಚು. ಸಾಸಿಗೆ ಮೊದಲನೆಯದು, ಚಟ್ನಿಗೆ ಎರಡನೆಯದು. ಕಾಲವನ್ನೂ ನೋಡಿ. ಮೂವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಟಮಾಟಿಗೆ ಕೆಂಪು ಕೊಡುವ ಲೈಕೋಪೀನ್ ಸರಿಯಾಗಿ ಹುಟ್ಟುವುದಿಲ್ಲ, ಅದಕ್ಕೇ ನಮ್ಮ ಏಪ್ರಿಲ್, ಮೇ ತಿಂಗಳ ಹಣ್ಣು ಹಳದಿ ಹೊಡೆದಿರುತ್ತದೆ. ಚಳಿಗಾಲದ್ದು ಕೆಂಪು. ಬನಶಂಕರಿ ಜಾತ್ರೆಯ ಹೊತ್ತಿನ ಹಣ್ಣು ಸಾಸಿಗೆ ಹೇಳಿಸಿದ್ದು. ಬಣ್ಣ ಕಡಿಮೆ ಎನಿಸಿದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ, ಖಾರ ಕಡಿಮೆ, ಕೆಂಪು ಧಾರಾಳ. ಒಡೆದ ಹಣ್ಣು ಅಂದಿನ ಸಾರಿಗೆ ಆಗಲಿ. ಬೂಸ್ಟು ಹತ್ತಿದ್ದನ್ನು ಮಾತ್ರ ಅರ್ಧ ಕೊಯ್ದು ಉಳಿದರ್ಧ ಪಾತ್ರೆಗೆ ಹಾಕುವ ಉಳಿತಾಯ ಮಾಡಬೇಡಿ, ಇಡೀ ಹಣ್ಣು ಎಸೆಯಿರಿ.

ತೊಳೆದು, ತೊಟ್ಟು ತೆಗೆದು, ಹೆಚ್ಚಿ, ನೀರು ಹಾಕದೆ ಅದರ ರಸದಲ್ಲೇ ಬೇಯಿಸಿ. ಪಾತ್ರೆ ಅಗಲ ಬಾಯಿಯ ಸ್ಟೀಲಿನದಿರಲಿ. ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಬೇಡ; ಹುಳಿಗೆ ಅವು ಬಿಡುತ್ತವೆ, ಸಾಸೂ ಕಪ್ಪಾಗುತ್ತದೆ. ಆರಿದ ಮೇಲೆ ಸಾಣಿಗೆಯಲ್ಲಿ ಉಜ್ಜಿ ಸಿಪ್ಪೆ, ಬೀಜ ಬೇರೆ ಮಾಡಿ. ಒಂದು ಕೆಜಿ ತಿರುಳಿಗೆ ಸಕ್ಕರೆ 75 ಗ್ರಾಂ, ಉಪ್ಪು 10 ಗ್ರಾಂ, ಖಾರದ ಪುಡಿ 5 ಗ್ರಾಂ, ವಿನೆಗರ್ 25 ಮಿಲಿ. 50 ಗ್ರಾಂ ಉಳ್ಳಾಗಡ್ಡಿ, 10 ಗ್ರಾಂ ಹಸಿಶುಂಠಿ, 5 ಗ್ರಾಂ ಬಳ್ಳೊಳ್ಳಿ ಜಜ್ಜಿ, ನಾಲ್ಕೈದು ಲವಂಗ, ಸ್ವಲ್ಪ ಚಕ್ಕೆ, ಯಾಲಕ್ಕಿ, ಮೆಣಸು, ಜೀರಿಗೆಯ ಜೊತೆ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ತಿರುಳಿನೊಳಗೆ ಬಿಡಿ. ಮಸಾಲೆಯ ಗಂಧ ಇಳಿಯುತ್ತದೆ, ಚೂರು ಸಿಗುವುದಿಲ್ಲ. ಸಕ್ಕರೆಯ ಮೂರರಲ್ಲಿ ಒಂದು ಪಾಲು ಮೊದಲೇ ಹಾಕಿ, ಉಳಿದದ್ದು ಸಾಸ್ ಗಟ್ಟಿಯಾಗುತ್ತ ಬಂದಾಗ. ಉಪ್ಪು, ವಿನೆಗರ್ ಕೊನೆಗೆ. ವಿನೆಗರನ್ನು ಮೊದಲೇ ಸುರಿದರೆ ಅದರ ಹುಳಿ ಹಬೆಯ ಜೊತೆ ಹಾರಿಹೋಗುತ್ತದೆ. ಕೊಳ್ಳುವಾಗ ಶೀಸೆಯ ಮೇಲೆ ಶೇ 4 ಅಥವಾ 5 ಅಸಿಟಿಕ್ ಆಮ್ಲ ಎಂದು ಬರೆದಿರುವ ಅಡುಗೆಯ ವಿನೆಗರನ್ನೇ ಕೊಳ್ಳಿ, ಗಟ್ಟಿ ಆಮ್ಲವನ್ನು ಮನೆಯೊಳಗೆ ತರಬೇಡಿ. ಸಾಸ್ ಆಯಿತೋ ಇಲ್ಲವೋ ನೋಡಲು ತಟ್ಟೆಯ ಮೇಲೆ ಒಂದು ಚಮಚ ಹಾಕಿ. ಸುತ್ತ ನೀರು ಬಿಟ್ಟುಕೊಂಡರೆ ಇನ್ನೂ ಕುದಿಯಬೇಕು. ಬಿಟ್ಟುಕೊಳ್ಳದೆ ಗುಡ್ಡೆಯಾಗಿ ನಿಂತರೆ ಇಳಿಸಿ.

ಗಾಜಿನ ಬಾಟಲಿಗಳನ್ನು ಪಾತ್ರೆಯ ತಳಕ್ಕೆ ಅರಿವೆ ಹಾಸಿ ಕುದಿನೀರಲ್ಲಿ ಇಟ್ಟು ಮೊದಲೇ ಸಿದ್ಧ ಮಾಡಿಕೊಂಡಿರಬೇಕು. ಬಿಸಿ ಬಾಟಲಿಗೆ ಬಿಸಿ ಸಾಸ್ ತುಂಬಿ, ಬಾಯಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟು ಮುಚ್ಚಳ ಹಾಕಿ, ಮತ್ತೆ ಬಿಸಿನೀರಲ್ಲಿ ಅರ್ಧ ತಾಸು ಇಡಿ. ಹೊರಗೆ ತೆಗೆದ ಮೇಲೆ ತಣ್ಣೀರು ಸುರಿಯಬೇಡಿ, ಗಾಜು ಸೀಳುತ್ತದೆ. ಇಷ್ಟು ಕೆಲಸಕ್ಕೆ ಸೋಮಾರಿತನ ಮಾಡುವವರು ಸಾಸ್ ಮಾಡುವುದೇ ಬೇಡ, ಚಟ್ನಿ ಮಾಡಿಕೊಂಡು ನಾಲ್ಕು ದಿನದಲ್ಲಿ ಉಂಡು ಮುಗಿಸಲಿ.

ನಿಜ ಹೇಳಬೇಕೆಂದರೆ ನನಗೆ ಸಾಸಿಗಿಂತ ಚಟ್ನಿಯ ಮೇಲೇ ಪ್ರೀತಿ. ಸಾಸ್ ನಿಮ್ಮ ಆಸೆಗೆ, ಚಟ್ನಿ ನಮ್ಮ ರೊಟ್ಟಿಗೆ. ಎಣ್ಣೆಯಲ್ಲಿ ಒಣಮೆಣಸಿನಕಾಯಿ, ಬಳ್ಳೊಳ್ಳಿ ಬಾಡಿಸಿ, ಜವಾರಿ ಟಮಾಟಿ ಹಾಕಿ ನೀರು ಆರುವ ತನಕ ಹುರಿದು, ಉಪ್ಪು, ಒಂದು ಚೂರು ಬೆಲ್ಲ, ಹುರಿದ ಶೇಂಗಾ ಸೇರಿಸಿ ತರಿತರಿ ರುಬ್ಬಿ. ಕ್ರೇಟಿನ ತಳದಲ್ಲಿ ಉಳಿಯುವ ಹಸಿರು ಕಾಯಿ ಎಸೆಯುವವರಿದ್ದಾರೆ. ಅದಕ್ಕೆ ಹಸಿಮೆಣಸಿನಕಾಯಿ, ಹುರಿದ ಎಳ್ಳು, ಕೊತ್ತಂಬರಿ ಸೇರಿದರೆ ಸಜ್ಜೆ ರೊಟ್ಟಿಗೆ ಬೇರೆ ಏನೂ ಬೇಡ. ಹೆಚ್ಚು ದಿನ ಇಡುವ ಚಟ್ನಿ ಬೇರೆ. ಅದಕ್ಕೆ ಹುಣಸೆಹಣ್ಣು ಬೀಳಬೇಕು, ಉಪ್ಪು ಕೈ ಬಿಟ್ಟು ಬೀಳಬೇಕು, ಎಣ್ಣೆ ಅಂಚಿಗೆ ಬಿಟ್ಟುಕೊಳ್ಳುವ ತನಕ ಸಣ್ಣ ಉರಿಯಲ್ಲಿ ಹುರಿಯಬೇಕು. ನೀರು ಉಳಿದ ಚಟ್ನಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಸುಲಭದ ದಾರಿ ನಮ್ಮ ತಲೆಯ ಮೇಲೇ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದಾಗ ಮಾಳಿಗೆಯ ಮನೆಗಳೂ ಹೋದವು, ಒಣಹಾಕಲು ಜಾಗವಿಲ್ಲ ಎಂದು ಕೆಲವರು ಹೇಳುತ್ತಾರೆ. ನವನಗರದ ಆರ್‌ಸಿಸಿ ಮಾಳಿಗೆಗಿಂತ ಒಳ್ಳೆಯ ಜಾಗ ಎಲ್ಲಿದೆ? ಬೇಸಿಗೆಯಲ್ಲಿ ಟಮಾಟಿ ಅಗ್ಗವಾದರೆ ಹೋಳು ಮಾಡಿ, ಕೊಯ್ದ ಮುಖಕ್ಕೆ ಉಪ್ಪು ಸವರಿ, ಸ್ವಚ್ಛ ಅರಿವೆಯ ಮೇಲೆ ಹರವಿ, ಮೇಲೆ ತೆಳ್ಳನೆಯ ಸೀರೆ ಹೊದಿಸಿ ಬಿಡಿ. ಸಂಜೆ ಒಳಗೆ ತನ್ನಿ, ಬೆಳಿಗ್ಗೆ ಮತ್ತೆ ಹಾಕಿ. ನಮ್ಮ ಬಿಸಿಲಿಗೆ ಮೂರು ನಾಲ್ಕು ದಿನ ಸಾಕು, ಮುರಿದರೆ ಸದ್ದು ಬರಬೇಕು. ಐದು ಕೆಜಿ ಹಣ್ಣು ಒಣಗಿದ ಮೇಲೆ ಅರ್ಧ ಕೆಜಿಯೂ ಇರುವುದಿಲ್ಲ, ಒಂದು ಸಣ್ಣ ಬರಣಿಗೆ ಹಿಡಿಯುತ್ತದೆ. ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಹುರಿದು ಅದರ ಜೊತೆ ಕುಟ್ಟಿದರೆ ಟಮಾಟಿ ಹಿಂಡಿ. ಫ್ರಿಜ್ಜು ಬೇಡ, ವಿನೆಗರ್ ಬೇಡ. ಬೆಂಗಳೂರಿಗೆ, ಧಾರವಾಡಕ್ಕೆ ಓದಲು, ದುಡಿಯಲು ಹೋಗುವವರು ಕಡಕ್ ರೊಟ್ಟಿಯ ಡಬ್ಬಿಯ ಮಗ್ಗುಲಿಗೆ ಇದನ್ನು ಇಟ್ಟುಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಊಟ ತರಿಸುವ ಖರ್ಚು ಎಷ್ಟೋ ತಗ್ಗುತ್ತದೆ.

ಇನ್ನು ಗಟ್ಟಿಯಾಗಿ ಹೇಳಬೇಕಾದ ಮಾತು. ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ನೋಡಿ ‘ವರ್ಷಗಟ್ಟಲೆ ಕೆಡದ ಚಟ್ನಿ’ ಮಾಡುವವರು ಹೆಚ್ಚಾಗಿದ್ದಾರೆ. ಕೆಡುವುದೆಂದರೆ ವಾಸನೆ ಬರುವುದು ಮಾತ್ರ ಎಂದು ತಿಳಿಯಬೇಡಿ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಜೀವಾಣು ಗಾಳಿ ಇಲ್ಲದ ಬಾಟಲಿಯೊಳಗೆ, ಹುಳಿ ಕಡಿಮೆ ಇದ್ದಲ್ಲಿ ಬೆಳೆದು ವಿಷ ಮಾಡುತ್ತದೆ. ಬಣ್ಣ ಬದಲಾಗಲೇಬೇಕೆಂದಿಲ್ಲ, ನಾತ ಬರಲೇಬೇಕೆಂದಿಲ್ಲ. ಹುಳಿಯ ಅಳತೆಯಾದ ಪಿಎಚ್ 4.6ರ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಟಮಾಟಿ ಆ ಗೆರೆಯ ಮೇಲೇ ನಿಂತ ಹಣ್ಣು. ಚೆನ್ನಾಗಿ ಹುಳಿಯಿದ್ದದ್ದು 4.2, 4.3, ಬಹಳ ಹಣ್ಣಾದದ್ದು, ಸಿಹಿ ಹೈಬ್ರಿಡ್ ಕೆಲವು 4.6ನ್ನು ದಾಟುತ್ತವೆ. ಅದಕ್ಕೇ ಮನೆಯಲ್ಲಿ ಬರೀ ತಿರುಳನ್ನು ಬಾಟಲಿಗೆ ತುಂಬಿಡುವವರು ಲೀಟರಿಗೆ ಅರ್ಧ ಚಹಾ ಚಮಚ ಸಿಟ್ರಿಕ್ ಆಮ್ಲ, ಅಂಗಡಿಯಲ್ಲಿ ಸಿಗುವ ನಿಂಬುಪ್ಪು, ಸೇರಿಸಬೇಕು ಎಂದು ಬಲ್ಲವರು ಹೇಳುವುದು. ವಿನೆಗರ್ ವಾಸನೆ ಆಗುವುದಿಲ್ಲ ಎಂದು ಬಿಟ್ಟು, ಹುಣಸೆ ಕಪ್ಪಾಗುತ್ತದೆ ಎಂದು ಬಿಟ್ಟು, ಮುಚ್ಚಳ ಬಿಗಿದು ಕಪಾಟಿನಲ್ಲಿ ಇಡುವ ಧೈರ್ಯ ಯಾರೂ ಮಾಡಬೇಡಿ. ಹಸಿ ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದಂತೂ ಇನ್ನೂ ಅಪಾಯ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಈ ಜೀವಾಣುವಿಗೆ ಬೇಕಾದದ್ದೂ ಅದೇ.

ಮೇಲೆ ಬಿಳಿ ಬೂಸ್ಟು ಕಂಡರೆ ಚಮಚದಿಂದ ತೆಗೆದು ಕೆಳಗಿನದ್ದು ತಿನ್ನುವ ಅಭ್ಯಾಸ ನಮ್ಮ ಕಾಲದಲ್ಲಿ ಕೆಲವು ಮನೆಗಳಲ್ಲಿ ಇತ್ತು. ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುವವಳಲ್ಲ, ಇದು ಕೆಟ್ಟ ಅಭ್ಯಾಸ. ಬೂಸ್ಟು ತಾನು ಬೆಳೆಯುತ್ತ ಹುಳಿಯನ್ನು ತಿಂದು ಹಾಕುತ್ತದೆ, ಹುಳಿ ಇಳಿದ ಮೇಲೆ ಕೆಳಗಿನ ಸಾಸಿಗೆ ಕಾವಲಿಲ್ಲ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಬುಸ್ಸೆಂದರೆ, ನೊರೆ ಬಂದಿದ್ದರೆ ರುಚಿ ನೋಡಲೂ ಹೋಗಬೇಡಿ, ದನಕ್ಕೂ ಹಾಕಬೇಡಿ. ಕಾಪಿಡುವ ಪುಡಿ, ಸೋಡಿಯಂ ಬೆಂಜೋಯೇಟ್, ಕಾಲು ಚಮಚ ಹಾಕಿದರೆ ಆಯಿತು ಎನ್ನುವವರ ಮಾತು ಕೇಳಬೇಡಿ. ಅದರ ಲೆಕ್ಕ ಕೆಜಿಗೆ ಕಾಲು ಗ್ರಾಮಿನದು. ಅಷ್ಟು ಸಣ್ಣ ತೂಕ ನಿಮ್ಮ ಅಡುಗೆಮನೆಯಲ್ಲಿ ಇಲ್ಲ. ಅದನ್ನು ಬಿಟ್ಟು, ಕಡಿಮೆ ಮಾಡಿ, ಸಣ್ಣ ಬಾಟಲಿಗೆ ತುಂಬಿ, ಬಾಯಿ ತೆರೆದದ್ದನ್ನು ಫ್ರಿಜ್ಜಿನಲ್ಲಿ ಇಟ್ಟು ಒಂದು ತಿಂಗಳಲ್ಲಿ ಮುಗಿಸಿ. ತೆರೆಯದ್ದನ್ನೂ ಮೂರು ನಾಲ್ಕು ತಿಂಗಳು ದಾಟಿಸಬೇಡಿ. ಒದ್ದೆ ಚಮಚ, ಎಂಜಲು ಬೆರಳು ಬರಣಿಗೆ ಇಳಿಯಬಾರದು. ಉಪ್ಪಿನಕಾಯಿಯ ಕೋಣೆಗೆ ಕೈ ತೊಳೆದು, ಒರೆಸಿಕೊಂಡು ಹೋಗಬೇಕೆಂದು ನಮ್ಮ ಅವ್ವ ಗದರುತ್ತಿದ್ದಳು. ಆಗ ಅದನ್ನು ಮಡಿ ಎಂದೆವು. ನೀವು ವಿಜ್ಞಾನ ಓದಿದವರು, ಕಾರಣ ಹೇಳದೆಯೂ ನಿಮಗೆ ಗೊತ್ತಾಗಬೇಕು.

ನಿಮ್ಮಲ್ಲಿ ಕೆಲವರು ಇದನ್ನೇ ಉದ್ಯೋಗ ಮಾಡಿಕೊಳ್ಳುವ ಮಾತು ಆಡುತ್ತೀರಿ. ಸಂತೋಷ. ಬನಶಂಕರಿ ಗುಡಿಯ ಎದುರು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಮೊಸರು ಹೊತ್ತು ತಂದು ಉಣಿಸುವ ಹೆಣ್ಣುಮಕ್ಕಳು ಯಾವ ಜಾಹೀರಾತೂ ಇಲ್ಲದೆ ಸಂಸಾರ ನಡೆಸಿದ್ದಾರೆ. ಅವರು ಅಂದಿನದನ್ನು ಅಂದೇ ಮಾರುತ್ತಾರೆ, ಉಂಡವರು ಎದುರಿಗೇ ಕೂತಿರುತ್ತಾರೆ. ಬಾಟಲಿಯಲ್ಲಿ ತುಂಬಿ ದೂರದವರಿಗೆ ಮಾರುವುದು ಬೇರೆ ಜವಾಬ್ದಾರಿ. ಅದಕ್ಕೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕು, ಹುಳಿ ಮತ್ತು ಸಾರ ಅಳೆಯುವ ಉಪಕರಣ ಬೇಕು. ಗೆಳೆಯರ ಗುಂಪಿನಲ್ಲಿ ‘ಹೋಮ್‌ಮೇಡ್, ನೋ ಪ್ರಿಸರ್ವೇಟಿವ್’ ಎಂದು ಫೋಟೊ ಹಾಕಿ ಆರು ತಿಂಗಳ ಭರವಸೆ ಕೊಡುವುದು ವ್ಯಾಪಾರವಲ್ಲ, ಜೂಜು. ನಮ್ಮ ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ತೋಟಗಾರಿಕೆ ಮೇಳಕ್ಕೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತೀರಿ. ಅಲ್ಲಿ ಕೊಯ್ಲಿನ ನಂತರದ ಸಂಸ್ಕರಣೆಯನ್ನೇ ಓದಿದವರು ಇದ್ದಾರೆ, ಹೋಗಿ ಕೇಳಿ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಇದೇ ಕೆಲಸ ಮಾಡುತ್ತಿದೆ. ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಯೋಜನೆ 2020ರಲ್ಲಿ ಬಂತು, ಸ್ವಸಹಾಯ ಸಂಘಗಳಿಗೂ ಅದರಲ್ಲಿ ಪಾಲಿದೆ. ಕಚೇರಿಯ ಮೆಟ್ಟಿಲು ಹತ್ತಲು ನಾಚಿಕೆ ಬೇಡ. ನಾಚಿಕೆ ಪಡಬೇಕಾದದ್ದು ಕಡಿಮೆ ಟಮಾಟಿ, ಹೆಚ್ಚು ಕುಂಬಳಕಾಯಿ ಹಾಕಿ ಟಮಾಟಿಯ ಚಿತ್ರ ಅಂಟಿಸುವುದಕ್ಕೆ. ಕಾಯಕದ ಮಾತು ಹೇಳಿದ ಬಸವಣ್ಣ ಐಕ್ಯನಾದ ಕೂಡಲಸಂಗಮ ನಿಮ್ಮ ತಾಲ್ಲೂಕಿನಲ್ಲೇ ಇದೆ, ಹುನಗುಂದದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ಸಂತೆಯಲ್ಲಿ ಇನ್ನೊಂದು ರೂಢಿ ಬಿಡಿ. ಎಷ್ಟು ಅಗ್ಗವಾದರೂ ಚೌಕಾಸಿ ಮಾಡುತ್ತೀರಿ. ಕ್ರೇಟಿಗೆ ನೂರು ರೂಪಾಯಿ ಹೇಳಿದ ಹುಡುಗನಿಗೆ ಎಂಬತ್ತು ಎನ್ನುತ್ತೀರಿ. ಆ ಹುಡುಗ ನಿಮ್ಮ ವಾರಿಗೆಯವನೇ. ಅವನಪ್ಪ ಬೀಜ, ಗೊಬ್ಬರ, ಕೋಲು, ದಾರ, ಔಷಧ ಎಂದು ಸಾಲ ಮಾಡಿದವನು. ಕೆಜಿಗೆ ನೂರೈವತ್ತರ ದರದಲ್ಲಿ ಮಾತಿಲ್ಲದೆ ಕೊಟ್ಟವರು ನಾಲ್ಕರ ದರದಲ್ಲಿ ಜಗಳ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಹೇಳಿದ ದುಡ್ಡು ಕೊಟ್ಟು, ಹಣ್ಣು ಆರಿಸಿ ಹಾಕು ಎಂದು ಕೇಳಿ. ಖುಷಿಯಿಂದ ಹಾಕುತ್ತಾನೆ, ಮುಂದಿನ ಸಲ ಗುರುತು ಹಿಡಿದು ಒಳ್ಳೆಯ ಹಣ್ಣು ತೆಗೆದಿಟ್ಟಿರುತ್ತಾನೆ.

ಮೊದಲ ಸಲ ಮಾಡುವವರು ಇಡೀ ಕ್ರೇಟಿಗೆ ಕೈ ಹಾಕಬೇಡಿ, ಐದು ಕೆಜಿ ಸಾಕು. ರಜೆಯ ದಿನ ಬೆಳಿಗ್ಗೆ ಶುರು ಮಾಡಿ, ಮಧ್ಯಾಹ್ನದ ನಂತರ ಶುರು ಮಾಡಿದರೆ ರಾತ್ರಿ ದಣಿದು ಬಾಟಲಿ ಕುದಿಸುವುದನ್ನು ಬಿಟ್ಟುಬಿಡುತ್ತೀರಿ. ತಿರುಳು ಕುದಿಯುವಾಗ ಫೋನನ್ನು ಇನ್ನೊಂದು ಕೋಣೆಯಲ್ಲಿ ಇಡಿ, ತಳ ಹತ್ತಿದ ಸಾಸನ್ನು ಯಾವ ಮಸಾಲೆಯೂ ಉಳಿಸುವುದಿಲ್ಲ. ಗಟ್ಟಿಯಾಗುತ್ತ ಬಂದಂತೆ ಗುಳ್ಳೆ ಒಡೆದು ಮೈಮೇಲೆ ಸಿಡಿಯುತ್ತದೆ, ಉದ್ದ ಹಿಡಿಕೆಯ ಸೌಟು ಹಿಡಿಯಿರಿ, ಸಣ್ಣ ಮಕ್ಕಳನ್ನು ದೂರ ನಿಲ್ಲಿಸಿ. ಬಾಟಲಿಯ ಮೇಲೆ ಚೀಟಿ ಅಂಟಿಸಿ ಮಾಡಿದ ತಾರೀಖು ಬರೆಯಿರಿ. ಒಂದು ಬಾಟಲಿಯನ್ನು ಪಕ್ಕದ ಮನೆಗೆ ಕೊಡಿ, ಎಂದು ತೆರೆದರು, ಎಷ್ಟು ದಿನ ಇತ್ತು, ಉಪ್ಪು ಹುಳಿ ಹೇಗಿತ್ತು ಎಂದು ಕೇಳಿ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ದರ ಬಿದ್ದಾಗ ಆ ಪಟ್ಟಿ ಹುಡುಕಿ ತೆಗೆಯಿರಿ.